ಕೆಂಪನ ಏಕಾದಶಿ

ಶ್ರೀರಂಗಮ್ಮನವರಿಗೆ ಗಂಡನ ಮೇಲೆ ಇದ್ದದ್ದು ಒಂದೇ ದೂರು. (ಉಳಿದವೆಲ್ಲ ಅದರ ಮರಿಗಳು.) ಹೊಳೇನರಸೀಪುರದ ದೇವಸ್ಥಾನದ ಬೀದಿಯಲ್ಲಿ ಮನೆ, ತಿರುನಾರಾಯಣ ಅಂತ ಹೆಸರು, ಹೈಸ್ಕೂಲು ಮೇಷ್ಟ್ರಾಗಿ ರಿಟೈರಾದ ಮರ್ಯಾದೆ, ಇಷ್ಟೆಲ್ಲ ಇಟ್ಟುಕೊಂಡೂ ಆ ಮನುಷ್ಯ ಏಕಾದಶಿ ಮಾಡುತ್ತಿರಲಿಲ್ಲ. ಮಾಡುತ್ತಿರಲಿಲ್ಲ ಎಂದರೆ ತಪ್ಪಾದೀತು. ಅನ್ನ ಬಿಡುತ್ತಿದ್ದರು. ಬದಲಿಗೆ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅವಲಕ್ಕಿ, ಸಂಜೆ ಬಾಳೆಹಣ್ಣಿನ ರಸಾಯನ, ರಾತ್ರಿ ಚಪಾತಿ. ಅವರ ಉಪವಾಸಕ್ಕೆ ಅಡುಗೆ ಮಾಡಿ ಮಾಡಿ, ನಿಜವಾಗಿ ಉಪವಾಸವಿದ್ದ ಶ್ರೀರಂಗಮ್ಮನವರ ಸೊಂಟ ಬಿದ್ದುಹೋಗುತ್ತಿತ್ತು.

ಹೀಗಿರುವಾಗ ಒಂದು ಏಕಾದಶಿಯ ದಿನ ಅವರ ನಾಯಿ ಕೆಂಪ ಊಟ ಬಿಟ್ಟಿತು.

ಕೆಂಪನ ವಿಷಯ ಸ್ವಲ್ಪ ಹೇಳಬೇಕು. ಗೊರೂರಿನ ಕ್ವಾರ್ಟರ್ಸಿನಲ್ಲಿದ್ದ ತಂಗಿ ಹಂಸ, ಅಕ್ಕನಿಗೆಂದು ಬದನೆಕಾಯಿ ತುಂಬಿ ಕಳಿಸಿದ ಚೀಲದಲ್ಲಿ, ಬದನೆಕಾಯಿಯ ಮೇಲೆ ಕೂತು ಬಸ್ಸಿನಲ್ಲಿ ಬಂದ ಮರಿ ಅದು. ಶ್ರೀರಂಗಮ್ಮನವರು ಮೈಲಿಗೆಯೆಂದು ಬದನೆಕಾಯಿಯನ್ನು ಬಿಸಾಡಿದರು, ಮರಿಯನ್ನು ಇಟ್ಟುಕೊಂಡರು. ನಾಯಿ ಹಿತ್ತಲಿನಲ್ಲೇ ಇರಬೇಕು, ಅಡುಗೆಮನೆಯ ಹೊಸಿಲು ದಾಟಬಾರದು ಎಂದೆಲ್ಲ ಕಾನೂನುಗಳಾದವು. ಕೆಂಪನಿಗೆ ಕಾನೂನು ತಿಳಿಯಲಿಲ್ಲ. ಶ್ರೀರಂಗಮ್ಮನವರಿಗೆ ಅದು ಮರೆತುಹೋಯಿತು.

ಆವತ್ತು ತಟ್ಟೆಗೆ ಮೊಸರನ್ನ ಹಾಕಿದರೆ ಕೆಂಪ ಓಡಿ ಬಂತು, ಮೂಸಿತು, ಅನ್ನವನ್ನೂ ಅಮ್ಮನನ್ನೂ ನೋಡಿತು, ತಲೆ ಕೊಡವಿ ಹಿಂದೆ ಸರಿಯಿತು.

"ಏನೂಂದ್ರೆ, ಬನ್ನಿ ಇಲ್ಲಿ! ಕೆಂಪ ಅನ್ನ ಮುಟ್ತಿಲ್ಲ!"

"ಹೊಟ್ಟೆ ಸರಿಯಿಲ್ವೇನೋ. ಡಾಕ್ಟರಿಗೆ ತೋರಿಸೋಣ."

"ಹೊಟ್ಟೆ ಸರಿಯಿಲ್ದೇ ಇರೋದು ನಿಮ್ಗೆ. ಇವತ್ತು ಏಕಾದಶಿ! ಮೂಕಪ್ರಾಣಿಗೆ ಗೊತ್ತಾಯ್ತು, ಬಿ.ಎ., ಬಿ.ಎಡ್. ಮಾಡಿದೋರಿಗೆ ಗೊತ್ತಾಗ್ಲಿಲ್ಲ."

ಮೇಷ್ಟ್ರು ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡರು.

ಹಿತ್ತಲ ಗೋಡೆಯಾಚೆಯ ಮುದ್ದಮ್ಮ, ಎರಡು ಎಮ್ಮೆ ಸಾಕಿದವಳು, ಈ ಗಲಾಟೆ ಕೇಳಿ ಬಂದು ಕೆಂಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮೋರೆ, ಜೊಲ್ಲು ಸುರೀತಾ ಐತೆ. ಮುಂಗಾಲಲ್ಲಿ ಮೂತಿ ಕೆರ್ಕತೈತೆ. ಬಾಯಿ ಗಬ್ಬುನಾತ. ದನಿನಾಸ್ಪತ್ರೆಗೆ ಕರ್ಕೊಂಡೋಗಿ."

"ಕೆರ್ಕೊಳ್ತಿಲ್ಲ ಮುದ್ದಮ್ಮ, ಗಲ್ಲ ಬಡ್ಕೋತಿದೆ! ಹಿಂದಿನ ಜನ್ಮದ ತಪ್ಪಿಗೆ. ಉಪವಾಸ ಇದ್ರೆ ಬಾಯಿ ವಾಸನೆ ಬರ್ದೇ ಇನ್ನೇನು? ನಂದೂ ಬರತ್ತೆ."

"ಅದು ಗೊತ್ತಾಯ್ತಾ ಐತೆ ಬುಡಿ," ಎಂದು ಮುದ್ದಮ್ಮ ತುಸು ಹಿಂದೆ ಸರಿದಳು.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಆಯಿತು. ಹೆಂಗಸರು ಕೆಂಪನ ದರ್ಶನಕ್ಕೆ ಬಂದರು. ಕೆಂಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆನಂದಬಾಷ್ಪ ಎಂದು ಶ್ರೀರಂಗಮ್ಮನವರು ವಿವರಿಸಿದರು. ಪೇಟೆಬೀದಿಯ ಗುರುಸಿದ್ದಮ್ಮ ಮಹಾಭಕ್ತಿಯಿಂದ ಅದರ ಹಣೆಗೆ ವಿಭೂತಿ ಇಡಲು ಹೋದಾಗ, "ತಡೀರಿ, ಅವನು ನಮ್ಮೋನು," ಎಂದು ಕೈಹಿಡಿದು ನಿಲ್ಲಿಸಿ, ತಾವೇ ಉದ್ದಕ್ಕೆ ಶ್ರೀಚೂರ್ಣದ ನಾಮ ಎಳೆದರು. ಕೆಂಪ ಎರಡೂ ಮತದವರನ್ನು ಸಮನಾಗಿ ನೋಡಿ ಮೂಲೆಗೆ ಹೋಗಿ ಮಲಗಿತು.

ಮರುದಿನ ದ್ವಾದಶಿ. ಏಕಾದಶಿಯ ಉಪವಾಸ ಮುರಿಯಲು ಬೆಳಿಗ್ಗೆಯೇ ಪಾರಣೆಯ ಊಟ ಆಗಬೇಕು. ಶ್ರೀರಂಗಮ್ಮನವರು ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ, ಎಲೆಯ ಮುಂದೆ ಕೂರುವ ಮೊದಲು ಕೆಂಪನ ಬಾಯಿಗೆ ತೀರ್ಥ ಬಿಟ್ಟರು. ತೀರ್ಥ ಅಷ್ಟೂ ಪಕ್ಕದಿಂದ ಸುರಿದುಹೋಯಿತು. ತುಪ್ಪದನ್ನ ಹಿಡಿದರು. ಕೆಂಪ ನಾಲಿಗೆ ಚಾಚಲು ಹೋಗಿ ಕುಂಯ್ ಎಂದು ಅತ್ತು ಅವರ ಮುಖ ನೋಡಿತು. ಆ ನೋಟದಲ್ಲಿ ಭಕ್ತಿ ಇರಲಿಲ್ಲ. ನೋವಿತ್ತು.

ಶ್ರೀರಂಗಮ್ಮನವರು ತುಪ್ಪದನ್ನ ಕೆಳಗಿಟ್ಟರು. "ಏನೂಂದ್ರೆ, ಆಟೋ ಕರೀರಿ!"

"ನೀನು ಒಂದು ತುತ್ತು ತಿಂದು..."

"ಅದು ತಿನ್ನೋವರೆಗೂ ನಾನು ತಿನ್ನಲ್ಲ. ಹೊರಡಿ ಅಂದ್ರೆ!"

ಆಟೋದಲ್ಲಿ ಕೆಂಪನನ್ನು ಹಿಡಿದು ಕೂರಲು ಮುದ್ದಮ್ಮನೇ ಬಂದಳು. ಅವಳ ಸೀರೆಯೆಲ್ಲ ಜೊಲ್ಲಾಯಿತು. ಶ್ರೀರಂಗಮ್ಮನವರು ದಾರಿಯುದ್ದಕ್ಕೂ ಕೆಂಪನ ಕಿವಿಯಲ್ಲಿ ವಿಷ್ಣುಸಹಸ್ರನಾಮ ಹೇಳಿದರು.

ಪಶು ಆಸ್ಪತ್ರೆಯ ಡಾಕ್ಟರು ಸಿದ್ದೇಶ್ವರ ಯಾವುದೋ ಹಸುವನ್ನು ನೋಡಿ ಮುಗಿಸಿ ಕೈ ತೊಳೆಯುತ್ತಿದ್ದರು.

"ಯಾವಾಗಿಂದ ಊಟ ಬಿಟ್ಟಿದೆ?"

"ಏಕಾದಶಿಯಿಂದ," ಎಂದರು ಶ್ರೀರಂಗಮ್ಮನವರು.

"ನಿನ್ನೆಯಿಂದ ಸಾರ್," ಎಂದು ಮೇಷ್ಟ್ರು ಅನುವಾದಿಸಿದರು.

ಮುದ್ದಮ್ಮ ಕೆಂಪನ ತಲೆ ಅದುಮಿ ಹಿಡಿದಳು. ಡಾಕ್ಟರು ಬಾಯಿ ಅಗಲಿಸಿ ಬ್ಯಾಟರಿ ಬಿಟ್ಟರು. "ಮೇಲ್ದವಡೆಗೆ ಅಡ್ಡವಾಗಿ ಏನೋ ಸಿಕ್ಕೊಂಡಿದೆ. ಒಳ್ಳೇ ಗಟ್ಟಿ ವಸ್ತು."

"ಮೂಳೆ!" ಶ್ರೀರಂಗಮ್ಮನವರು ಕಿರುಚಿದರು. ಮುದ್ದಮ್ಮನ ಕಡೆ ತಿರುಗಿದರು. "ಗೋಡೆ ಈಚೆಗೆ ಹಾಕಿದ್ಯಲ್ಲ ಮುದ್ದಮ್ಮ! ನಮ್ಮನೆ ಮಗು ಜಾತಿ ಕೆಡ್ಸಿಬಿಟ್ಯಲ್ಲ!"

"ಏನಂದ್ರಿ?" ಮುದ್ದಮ್ಮ ಕೈ ಬಿಡದೆಯೇ ಜಗಳಕ್ಕೆ ನಿಂತಳು. "ಜೊಲ್ಲು ಬಳ್ಕೊಂಡು ತಬ್ಬಿಡ್ದಿವ್ನಿ, ನನ್ಗೇ ಈ ಮಾತಾ? ನಮ್ಮಟ್ಟೀಲಿ ಬಾಡು ಬೇಯ್ಸಿ ತಿಂಗ್ಳಾಯ್ತು ಕಣಮ್ಮೋ! ಮೂಳೆ ಇದ್ರೆ ನಾವು ಚೀಪಲ್ವಾ? ನಿಮ್ಮ ನಾಯಿಗ್ಯಾಕೆ ಕೊಡಾನ?"

"ಇಬ್ರೂ ವಸಿ ಸುಮ್ನಿರಿ," ಎಂದ ಡಾಕ್ಟರು ಇಕ್ಕಳ ಹಾಕಿ ಅಲುಗಿಸಿ ಎಳೆದರು. ಟಕ್ಕೆಂದಿತು. ಕೆಂಪ ಒಮ್ಮೆ ಚೀರಿ, ಆಮೇಲೆ ಬಾಯನ್ನು ಮುಚ್ಚಿ ತೆರೆದು ಮುಚ್ಚಿ ತೆರೆದು, ತನ್ನದೇ ಬಾಯಿ ಹೌದೋ ಅಲ್ಲವೋ ಎಂದು ಪರೀಕ್ಷಿಸಿತು.

ಡಾಕ್ಟರು ಆ ವಸ್ತುವನ್ನು ತೊಳೆದು ಅಂಗೈಯಲ್ಲಿಟ್ಟು ತೋರಿಸಿದರು. ತೆಂಗಿನ ಕರಟದ ಚೂರು.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಮೊನ್ನೆ ನೈವೇದ್ಯದ ಪಾಯಸ ಕೊಟ್ಯಲ್ಲೇ ಇದಕ್ಕೆ. ಎಂಜಲು ತಟ್ಟೆಗೆ ಪ್ರಸಾದ ಹಾಕಬಾರದು, ಮಡಿ ಕೆಡುತ್ತೆ ಅಂತ, ನೀನೇ ಕರಟದಲ್ಲಿ ಹಾಕಿಕೊಟ್ಟೆ."

"ಪಾಯಸ ಮುಗಿಸಿ ಪಾತ್ರೇನೂ ತಿಂದಿದೆ," ಎಂದರು ಡಾಕ್ಟರು. "ಅಮ್ಮಾ, ನಾಯಿ ಒಂದು ದಿನ ಪೂರ್ತಿ ಅನ್ನ ಮುಟ್ಟಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ. ಜೊಲ್ಲು ಸುರಿದು, ಮೂತಿ ಉಜ್ಜಿಕೊಂಡು, ಬಾಯಿ ನಾರಿದರೆ ಒಂದು ದಿನಾನೂ ಕಾಯಬೇಡಿ. ಉಸಿರಾಡಕ್ಕೆ ಒದ್ದಾಡಿದ್ರೆ, ಉಚ್ಚೆ ಕಟ್ಟಿದ್ರೆ, ರಕ್ತ ಕಂಡ್ರೆ ಆ ಕ್ಷಣವೇ ಬನ್ನಿ. ನಾಳೆಗೆ ಇಟ್ಟಿದ್ರೆ ಇದು ಕೀವಾಗೋದು."

ಶ್ರೀರಂಗಮ್ಮನವರಿಗೆ ಮುದ್ದಮ್ಮನ ಮುಖ ನೋಡಲಾಗಲಿಲ್ಲ. ನೋಡಿದರೆ ಮುದ್ದಮ್ಮ ಅಲ್ಲಿರಲೂ ಇಲ್ಲ. ಕೋಪ ಮಾಡಿಕೊಂಡು ಹೋದಳು ಎಂದು ಅವರು ಕಣ್ಣೊರೆಸಿಕೊಳ್ಳುತ್ತಿರುವಾಗ, ಎದುರಿನ ಟೀ ಅಂಗಡಿಯಿಂದ ಅವಳು ಹಾಲು, ಬನ್ನು ಹಿಡಿದು ಬಂದಳು. ಬನ್ನು ನೆನೆಸಿ ಕೊಟ್ಟರೆ ಕೆಂಪ ಅವಳ ಅಂಗೈಯನ್ನೂ ನೆಕ್ಕಿ ಮುಗಿಸಿತು.

"ಮುದ್ದಮ್ಮ, ನನ್ನದು ತಪ್ಪಾಯ್ತು ಕಣೇ. ಬಾಯಿಗೆ ಬಂದದ್ದು ಅಂದ್ಬಿಟ್ಟೆ," ಎಂದು ಶ್ರೀರಂಗಮ್ಮನವರು ಎದ್ದರು. ಎದ್ದವರು ತೂರಾಡಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು.

"ಡಾಕ್ಟ್ರೇ, ಈವಮ್ಮನ್ನ ನೋಡಿ!"

"ನಾನು ದನದ ಡಾಕ್ಟರಮ್ಮ. ಇವರಿಗೆ ಔಷಧಿ ಬರೆದ್ರೆ ನನ್ನ ಕೆಲಸ ಹೋಗುತ್ತೆ."

"ಅಮ್ಮೋರೆ, ತಪ್ಪಾಯ್ತು ಅಂದ್ರೆ ಬಾಯಿ ತೆಗೀರಿ," ಎಂದು ಮುದ್ದಮ್ಮ ಉಳಿದ ಬನ್ನನ್ನು ಅದೇ ಹಾಲಲ್ಲಿ ಅದ್ದಿದಳು.

ಹುಟ್ಟಿದಾಗಿನಿಂದ ಹೋಟೆಲಿನ ಕಾಫಿ ಮೂಸದ ಶ್ರೀರಂಗಮ್ಮನವರು, ಒಂದು ಕಡೆ ಎಮ್ಮೆ, ಒಂದು ಕಡೆ ಕುರಿ, ಮಧ್ಯೆ ಕೂತು ಪಾರಣೆ ಮಾಡಿದರು. ಮುಗಿಸಿ ಮೆಲ್ಲಗೆ, "ಇನ್ನೊಂದು ಸಿಕ್ಕತ್ತಾ?" ಎಂದು ಕೇಳಿದರು.

"ಕೊಡಿ, ಆದ್ರೆ ನಿಧಾನಕ್ಕೆ. ಖಾಲಿ ಹೊಟ್ಟೆ, ಗಬಗಬ ತಿಂದ್ರೆ ವಾಂತಿ ಮಾಡಿಕೊಳ್ಳುತ್ತೆ," ಎಂದರು ಡಾಕ್ಟರು, ಕೈ ಒರೆಸಿಕೊಳ್ಳುತ್ತಾ.

ಯಾರ ವಿಷಯ ಹೇಳಿದರು ಎಂದು ಮೇಷ್ಟ್ರು ಕೇಳಲು ಹೋಗಲಿಲ್ಲ. ಇನ್ನೊಂದು ಬನ್ನು ತರಲು ಹೋದರು.