ಸಯನ್ನಿನ ಮಾಮ ಮತ್ತು ಒಡೆಯದ ಸಂಖ್ಯೆ

ಇಡೀ ಜಗತ್ತಿಗೆ ಉತ್ತರ ಗೊತ್ತಿರುವ ಲೆಕ್ಕವೊಂದನ್ನು ನಾಲ್ಕು ವರ್ಷದಿಂದ ಬಿಡಿಸುತ್ತಾ ಕುಳಿತ ಮನುಷ್ಯ ಮುಂಬಯಿಯಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ. ಹೆಮ್ಮೆಯಿಂದ ಹೇಳುತ್ತಿಲ್ಲ, ಬೇಸತ್ತು ಹೇಳುತ್ತಿದ್ದೇನೆ.

ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದ ಮಾಮ, ನಿವೃತ್ತರಾದ ಮರುದಿನವೇ 2147483647 ಎಂಬ ಸಂಖ್ಯೆಯನ್ನು ಹಿಡಿದುಕೊಂಡರು. ಮೂವತ್ತೊಂದು ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವುದು ಇದು. ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಒಡೆಯದು. ಅದನ್ನು ಮಾಮ ಸ್ವತಃ ಭಾಗಿಸಿ ನೋಡಬೇಕಂತೆ. “ಅದರ ವರ್ಗಮೂಲ ನಲವತ್ತಾರು ಸಾವಿರದ ಚಿಲ್ಲರೆ, ಅದರೊಳಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು” ಎಂದು ನನಗೆ ಸಮಾಧಾನ ಹೇಳಿದರು. ಅಂಥವು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಇದಕ್ಕೆ ‘ಸಾಕು’ ಅನ್ನುತ್ತಾರೆಯೇ?

“ಮಾಮ, ಮೊಬೈಲ್ ಒಂದು ಸೆಕೆಂಡಲ್ಲಿ ಹೇಳ್ತದೆ.”

“ಮೊಬೈಲಿಗೆ ಗೊತ್ತಾಯ್ತು. ನನಗೆಂತ ಗೊತ್ತಾಯ್ತು?”

ಹುಚ್ಚು ಹಳೆಯದೇ. ನನ್ನನ್ನು ನೋಡಲು ಮಲಾಡಿನಿಂದ ಹುಡುಗ ಬಂದಿದ್ದಾಗ ಎಲ್ಲರೂ ಸಂಬಳ, ಮನೆ ವಿಚಾರಿಸುತ್ತಿದ್ದರೆ ಮಾಮ ಕೇಳಿದ್ದು ಒಂದೇ ಪ್ರಶ್ನೆ: “ತೊಂಬತ್ತೊಂದು ಅವಿಭಾಜ್ಯವೋ?”

“ಹೌದಲ್ವಾ ಅಂಕಲ್, ಪ್ರೈಮ್ ನಂಬರ್” ಎಂದ ಪಾಪದ ಹುಡುಗ.

“ಹದಿಮೂರೇಳ್ಲಿ ತೊಂಬತ್ತೊಂದು” ಎಂದು ಮಾಮ ಎದ್ದು ಒಳಗೆ ಹೋದರು. ನಾನು ಆ ಹುಡುಗನನ್ನೇ ಮದುವೆಯಾದೆ. ಇಂದಿಗೂ ಮಾಮ ಫೋನಿನಲ್ಲಿ ಕೇಳುವುದು, “ತೊಂಬತ್ತೊಂದು ಹೇಗುಂಟು?”

ಮಾಮನಿಗೆ ಮದುವೆಯಿಲ್ಲ. ವಾರವಿಡೀ ಆಫೀಸು, ಮನೆ ಎಂದು ಓಡಿ, ಭಾನುವಾರ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಸಯನ್ನಿಗೆ ಅವರ ಊಟ ಒಯ್ಯುವವಳು ನಾನು. ಶೇಷ ಎಷ್ಟು ಉಳಿಯಿತು ಎಂಬ ವಾರದ ವರದಿಯನ್ನೂ ಕೇಳಬೇಕು. ಎಷ್ಟೋ ಸಲ ಕುಳಿತಲ್ಲೇ ತೂಕಡಿಸಿದ್ದೇನೆ.

ಕಳೆದ ತಿಂಗಳು ಹೋದಾಗ ಮಾಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬೆಳಿಗ್ಗಿನ ಚಹಾ ಹಾಗೆಯೇ ಇತ್ತು.

“ಒಡೆಯಿತು ಮಾರಾಯ್ತಿ. ಆರು ಸಾವಿರದ ಏಳರಲ್ಲಿ ಸರಿಯಾಗಿ ಹೋಯ್ತು. ಶೇಷ ಸೊನ್ನೆ.”

ಅದು ಸಾಧ್ಯವೇ ಇಲ್ಲವೆಂದು ಹೇಳಬಹುದಿತ್ತು. ಆದರೆ ಆ ಮುಖ ನೋಡಿ ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಪೆನ್ಸಿಲ್ ಹಿಡಿದು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಎರಡು ಕಡೆ ಎಂಟನ್ನು ಮೂರೆಂದು ಇಳಿಸಿಕೊಂಡಿದ್ದರು. ಕೊನೆಯಲ್ಲಿ ಅಂಕಿಯ ಮೇಲೆ ಅಂಕಿ ಹತ್ತಿತ್ತು.

“ಶೇಷ ಐದು ಸಾವಿರದ ನೂರ ಎಪ್ಪತ್ತೈದು, ಮಾಮ. ಒಡೆದಿಲ್ಲ.”

ಅವರು ಎದ್ದು ಕುಳಿತರು.

“ಆರು ತಿಂಗಳಿಂದ ಎಲ್ಲ ಮಂಜು ಮಂಜು ಕಾಣ್ತದೆ. ಹೇಳಿದ್ರೆ ನೀನು ರಜೆ ಹಾಕಿ ಆಸ್ಪತ್ರೆಗೆ ಅಲೆಯುತ್ತಿ. ನಿನಗಾದ್ರೂ ಇರುವುದು ವಾರಕ್ಕೊಂದು ಭಾನುವಾರ. ಅದನ್ನೂ ನಾನೇ ತಿನ್ನುತ್ತೇನೆ.”

“ನಾಳೆ ಕಣ್ಣು ತೋರಿಸುವ” ಎಂದಷ್ಟೇ ಅಂದೆ. ಆಮೇಲೆ ಹೊಸ ಹಾಳೆಯಲ್ಲಿ, ಬೆರಳಿನಷ್ಟು ಎತ್ತರದ ಅಂಕಿಗಳಲ್ಲಿ, ಅವರ ಸಂಖ್ಯೆಯನ್ನು ಬರೆದೆ.

“ಮುಂದಿನದು ಯಾವುದು ಮಾಮ?”

“ಆರು ಸಾವಿರದ ಹನ್ನೊಂದು.”

ಹಾಳೆಯ ಹತ್ತಿರ ಬಗ್ಗಿ, ಅಂಕಿಗಳ ಮೇಲೆ ಮೆಲ್ಲನೆ ಬೆರಳು ಆಡಿಸುತ್ತಾ ಬಂದರು. ನಡುವೆ ಒಂದು ಕಡೆ ಬೆರಳು ನಿಂತಿತು.

“ಇದು ಎಂಟು,” ಎಂದರು. “ಇದು ಮೂರು.”