ದೊಡ್ಡ ಕುಟುಂಬದ ಕೊಪ್ಪರಿಗೆ

“ಬೀಗತೇರ ಕೊಪ್ಪರಿಗಿಕಿಂತ ಒಂದು ಕೈ ದೊಡ್ಡದನ್ನ ತಿರುಗಿ ಕೊಡ್ತೀನಿ! ಅದೂ ಅಂಗಡಿ ಮೆಟ್ಟಲಾ ಹತ್ತಲಾರದ, ಈ ಕಟ್ಟಿ ಮ್ಯಾಲ ಕುಂತು!”

ದೇವದುರ್ಗದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಸವಂತಮ್ಮ ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಸೊಸೆ ಶೈಲಜಾ, ಆಕೆಯ ಹೊಟ್ಟೆಯೊಳಗಿನ ಕೂಸು, ಮತ್ತು ತಳ ತೂತಾಗಿ ಮೂಲೆಯಲ್ಲಿ ಬೋರಲು ಬಿದ್ದಿದ್ದ ಹಿತ್ತಾಳೆ ಕೊಪ್ಪರಿಗೆ.

ಈ ಕೊಪ್ಪರಿಗೆ ಶೈಲಜಾಳ ತವರಿನದು. ಅವಳ ಸೀಮಂತದ ಕುಬುಸಕ್ಕೆ ಗೋಧಿ ಹುಗ್ಗಿ ಮಾಡಲೆಂದು ಮಾನ್ವಿಯ ಬೀಗತಿ ಸುನಂದಮ್ಮನಿಂದ ಕೇಳಿ ತಂದದ್ದು. ಹುಗ್ಗಿ ಎಲ್ಲರ ಹೊಗಳಿಕೆಗೆ ಪಾತ್ರವಾಗಿ, ಕೊನೆಗೆ ಕೊಪ್ಪರಿಗೆಯ ತಳ ಹಿಡಿಯಿತು. ನೀರು ಹಾಕಿ ನೆನೆಯಲು ಬಿಡಬಹುದಿತ್ತು. ಆದರೆ ಬೀಗರ ಪಾತ್ರೆಯನ್ನು ಕರಿ ಕಲೆಯ ಸಮೇತ ಕಳಿಸಿದರೆ ಏನು ಮರ್ಯಾದೆ? ಬಸವಂತಮ್ಮ ಹೊಲದ ಕಳೆ ತೆಗೆಯುವ ಕುರ್ಪಿಯನ್ನೇ ತಂದು ಕೆರೆದರು. ಸೀದದ್ದು ಹೋಯಿತು. ಅದರ ಬೆನ್ನಿಗೇ ತಳವೂ ಹೋಯಿತು!

ಸುನಂದಮ್ಮ ಸಾಮಾನ್ಯ ಬೀಗತಿಯಲ್ಲ. ಅಕ್ಕಿ ಗಿರಣಿಯವರ ಮನೆಯಾಕೆ. ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣಿನಿಂದಲೇ ಬೀಗರ ಮನೆಯನ್ನೂ ನೋಡುವಾಕೆ. ಹುಣ್ಣಿಮೆ ಕಳೆಯುತ್ತಲೇ ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು ಬರುವವರಿದ್ದರು. ಅಷ್ಟರೊಳಗೆ ಹೊಸ ಕೊಪ್ಪರಿಗೆ ಬಂದು ಕೂರದಿದ್ದರೆ, ಬಸವಂತಮ್ಮ ಇಷ್ಟು ವರ್ಷ ಜತನದಿಂದ ಕಾಯ್ದುಕೊಂಡಿದ್ದ ಮರ್ಯಾದೆಯೂ ಅದೇ ತೂತಿನಿಂದ ಸೋರಿಹೋಗುವುದು ಖಂಡಿತವಾಗಿತ್ತು.

ಸೊಸೆಯ ಫೋನನ್ನು ಬೆಳಕಿಗೆ ಹಿಡಿದು ಬಸವಂತಮ್ಮ ಅಕ್ಷರ ಅಕ್ಷರ ಕೂಡಿಸಿ ಓದಿದರು. “ಹಿ…ತ್ತಾ…ಳೆ ಕೊ…ಪ್ಪ…ರಿಗೆ. ಭವ್ಯ ಗಾ…ತ್ರ. ದೊಡ್ಡ ಕುಟುಂ…ಬಕ್ಕೆ. ನೋಡಬೇ ಶೈಲಾ, ನಮ್ಮ ಮನಿ ನೋಡೇ ಬರದಾರ!”

“ಅಳತಿ ಎಲ್ಲೂ ಬರದಿಲ್ಲಲ್ರೀ ಅತ್ತೀ?”

“ಅಳತಿ ನಾ ಹಿಡೀತೀನಿ, ತಡಿ.” ಚಿತ್ರದಲ್ಲಿ ಕೊಪ್ಪರಿಗೆಯ ಪಕ್ಕ ಸೌಟು ಹಿಡಿದು ನಗುತ್ತ ನಿಂತ ಹೆಂಗಸಿನ ಮೇಲೆ ಬಸವಂತಮ್ಮ ಬೆರಳಿಟ್ಟರು. “ಈ ಹೆಣ್ಮಗಳು ನನ್ನ ಬಟ್ಟಿನಷ್ಟು ಎತ್ತರ ಅದಾಳ. ಕೊಪ್ಪರಿಗಿ ಅರ್ಧ ಬಟ್ಟು. ಅಂದ್ರ ನಿಂತಾಕಿ ಸೊಂಟಕ್ಕ ಬರ್ತದ. ಒತ್ತು!”

ಶೈಲಜಾ ಒತ್ತಿದಳು.

ಡಬ್ಬಿ ಬಂತು. ತಂದವನು ಊರಿಗೆಲ್ಲ ಪಾರ್ಸಲ್ ಹಂಚುವ ಮೌನೇಶ. ಟಿವಿ ಹಿಡಿಸುವಷ್ಟು ದೊಡ್ಡ ಡಬ್ಬಿ! ಬಸವಂತಮ್ಮ ಅದನ್ನು ದೇವರ ಮುಂದಿಟ್ಟು, ಬೆರಳಿಗೆ ವಿಭೂತಿ ಹಚ್ಚಿಕೊಂಡೇ ಬಿಚ್ಚಿದರು. ಕಾಗದ ಬಂತು. ಮತ್ತಷ್ಟು ಕಾಗದ ಬಂತು. ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕು ಮಾರುಗಟ್ಟಲೆ ಬಂತು. ಕಟ್ಟಕಡೆಗೆ ಬಸವಂತಮ್ಮನ ಅಂಗೈ ಮೇಲೆ ಕೊಪ್ಪರಿಗೆ ಬಂದು ಕುಳಿತಿತು. ಎರಡು ಹಿಡಿ, ಅಗಲ ಬಾಯಿ, ದುಂಡು ಹೊಟ್ಟೆ, ಎಲ್ಲ ಲಕ್ಷಣವೂ ಸರಿಯಾಗಿತ್ತು, ಗಾತ್ರವೊಂದನ್ನು ಬಿಟ್ಟು! ಹಚ್ಚಬೇಕೆಂದು ಚಾಚಿದ್ದ ಬೆರಳು ತನ್ನ ಪಾಡಿಗೆ ತಾನು ಅದರ ಹೊಟ್ಟೆಗೆ ಮೂರು ಎಳೆ ವಿಭೂತಿ ಎಳೆದೇಬಿಟ್ಟಿತು.

“ಅತ್ತೀ, ಇದು ಕೊಪ್ಪರಿಗಿ ಮರಿ! ನೀರು ಹಾಕಿ ಬೆಳಸೂನೇನ್ರೀ?”

“ನಗಬ್ಯಾಡಬೇ, ಕೂಸು ಅಲುಗ್ಯಾಡೀತು! ತಿರುಗಿ ಕಳಸೂದು ಎಲ್ಲದ, ಅದನ್ನ ಒತ್ತು.”

ವಾಪಸು ಒಯ್ಯಲು ಮೌನೇಶ ಬಂದ. ಬಂದದ್ದು ಶುಕ್ರವಾರ, ಅದೂ ದೀಪ ಹಚ್ಚಿದ ಮೇಲೆ.

“ಯಪ್ಪಾ, ಶುಕ್ರಾರ ಮುಚ್ಚಂಜಿಲೆ ಹಿತ್ತಾಳಿ ಹೊಸ್ತಿಲಾ ದಾಟಸ್ತಾರೇನು? ನಾಳಿ ಬಾ.”

“ಯವ್ವಾ, ಹಂಗಾರ ‘ಗಿರಾಕಿ ಕೊಡಲಿಲ್ಲ’ ಅಂತ ಫೋನಿನಾಗ ಬರಕೋಬೇಕಾಕ್ಕದರೀ.”

“ಬರಕೋ. ಕೆಳಗ ‘ಶುಕ್ರಾರ ಇತ್ತು’ ಅಂತ ಅದನ್ನೂ ಬರಿ!”

ಮರುದಿನ ಬಂದವನು ಕೊಪ್ಪರಿಗೆಯ ಮೇಲಿನ ಮೂರು ಎಳೆ ನೋಡಿ ತಲೆ ಕೆರೆದುಕೊಂಡ. “ಯವ್ವಾ, ಇದು ಬಳಸಿದ್ದಾತಲ್ರೀ!”

“ದೇವರಿಗೆ ತೋರಿಸಿದ್ರ ಬಳಸಿದಂಗೇನೋ?”

“ಅಲ್ಲ ಬಿಡ್ರಿ. ಆದ್ರ ಫೋಟೋದಾಗ ದೇವರು ಕಾಣಂಗಿಲ್ಲ, ವಿಭೂತಿ ಕಾಣ್ತದ.”

ನ್ಯಾಯವಾದ ಮಾತು. ಬಸವಂತಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ತಿಕ್ಕುವುದರಲ್ಲಿ ಅವರ ಕೈ ಅರೆಮನಸ್ಸಿನದಲ್ಲ. ಮಂಕಾಗಿ ಬಂದಿದ್ದ ಕೊಪ್ಪರಿಗೆ ಮದುಮಗಳಂತೆ ಹೊಳೆಯಿತು. ಮೌನೇಶ ಕಣ್ಣು ಕಿರಿದು ಮಾಡಿಕೊಂಡೇ ಫೋಟೋ ಹೊಡೆದ. ಇನ್ನೇನು ಡಬ್ಬಿ ಮುಚ್ಚಬೇಕು, ಬಸವಂತಮ್ಮ ಅವನ ಕೈ ಹಿಡಿದರು.

“ತಡಿಯಪ್ಪಾ, ಬರೇ ಪಾತ್ರಿ ಕಳಸ್ತಾರೇನು?”

ಅವರ ಮನೆಯಿಂದ ಯಾರ ಪಾತ್ರೆಯೂ ಈವರೆಗೆ ಬರಿದಾಗಿ ತಿರುಗಿ ಹೋದದ್ದಿಲ್ಲ. ಹಾಲಿನ ಚೊಂಬಿಗೆ ಸಕ್ಕರೆ, ಬುಟ್ಟಿಗೆ ನಾಲ್ಕು ರೊಟ್ಟಿ, ಏನಾದರೊಂದು ಬಿದ್ದೇ ಹೋಗಬೇಕು. ಕೊಪ್ಪರಿಗೆಗೆ ಒಂದು ಶೇಂಗಾ ಉಂಡೆ ಇಟ್ಟರು. ಒಂದಕ್ಕೇ ಅದು ಬಾಯಿ ತುಂಬಿಕೊಂಡು ಕುಳಿತಿತು. ಒಂಟಿ ಉಂಡೆ ಕೊಡುವುದುಂಟೇ? ಡಬ್ಬಿಯಲ್ಲಿ ಹೇಗೂ ಜಾಗ ಬೇಕಾದಷ್ಟಿತ್ತು, ಇನ್ನೂ ನಾಲ್ಕನ್ನು ಕಾಗದದಲ್ಲಿ ಸುತ್ತಿ ಇಟ್ಟರು. ತಾನೂ ಅಂಥದೇ ಮನೆಯಲ್ಲಿ ಬೆಳೆದವನಾದ ಮೌನೇಶ ಆಕಾಶ ನೋಡುತ್ತ ನಿಂತ. ಅವನ ಬಾಯೊಳಗೂ ಒಂದು ಉಂಡೆ ಇತ್ತು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಹುಣ್ಣಿಮೆ ಹತ್ತಿರವಾಯಿತು. ದುಡ್ಡು ಮರಳಲಿಲ್ಲ. ಫೋನ್ ಬಂತು.

“ನಮಸ್ಕಾರ ಮೇಡಂ. ತಾವು ಹಿಂದಿರುಗಿಸಿರುವ ವಸ್ತು ನಮ್ಮ ವಸ್ತುವಿಗೆ ಹೊಂದಾಣಿಕೆ ಆಗುತ್ತಿಲ್ಲ. ತೂಕ ಹೆಚ್ಚಾಗಿದೆ. ಹೊಳಪೂ ಹೆಚ್ಚಾಗಿದೆ.”

“ಹೆಚ್ಚ ಮಾಡಿ ಕಳಿಸೀನಲ್ಲವ್ವಾ, ಕಮ್ಮಿ ಮಾಡಿಲ್ಲಲ್ಲ!”

“ಡಬ್ಬಿಯಲ್ಲಿ ಐದು ಅಪರಿಚಿತ ವಸ್ತುಗಳು ಪತ್ತೆಯಾಗಿವೆ, ಮೇಡಂ.”

“ಅಪರಿಚಿತ ಏನು ಬಂತು? ಶೇಂಗಾ ಉಂಡಿ ಅವು!”

ಆ ಕಡೆಯಿಂದ ಅದೇ ದನಿ, ಆದರೆ ಪುಸ್ತಕದ ಕನ್ನಡ ಕಳಚಿಟ್ಟು, ಮೆತ್ತಗೆ ಬಂತು. “ಯವ್ವಾ, ಖರೇನ ಶೇಂಗಾ ಉಂಡಿ ಏನ್ರೀ? ನಾ ಸೂಫಿಯಾ ರೀ, ಲಿಂಗಸುಗೂರಾಕಿ.”

“ನಮ್ಮ ಕಡೆಯಾಕೀನ ಆದೆಲ್ಲವ್ವಾ! ಹಂಗಾರ ನೀನ ಹೇಳು. ದೊಡ್ಡ ಕುಟುಂಬಕ್ಕ ಅಂತ ಬರದು, ಇಂಥಾದ್ದು ಕೊಡ್ತಾರೇನು?”

“ಸಣ್ಣದು ಅನ್ನಾಕ ಏನರ ಗುರುತು ಬೇಕಲ್ರೀ. ಬರೇ ಬಾಯಿಮಾತಿಗೆ ಅವ್ರು ಒಪ್ಪಂಗಿಲ್ಲ.”

“ನಿಮ್ಮ ಗೋದಾಮಿನಾಗ ಬಿಚ್ಚಿದಾಗ ಫೋಟೋ ಹೊಡದಿಲ್ಲೇನು?”

“ಹೊಡದಾರ್ರೀ. ನನ್ನ ಮುಂದನ ಅದ. ಕೊಪ್ಪರಿಗ್ಯಾಗ ಒಂದು ಉಂಡಿ ಕುಂತದ.”

“ಒಂದ ಉಂಡಿಗಿ ತುಂಬ್ಯದಲ್ಲ? ದೊಡ್ಡ ಕುಟುಂಬ ಅಂದ್ರ ಯಾರದವ್ವಾ, ಇರುವಿಗಳದೇನು?”

ಸೂಫಿಯಾ ನಕ್ಕ ನಗು ಕಟ್ಟೆಯ ತನಕ ಕೇಳಿಸಿತು. ಅಳತೆಪಟ್ಟಿ ಇಟ್ಟು ತೆಗೆದ ಫೋಟೋವೂ ಅಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳುತ್ತಿರಲಿಲ್ಲ! ಉಂಡೆಯ ಸಾಕ್ಷ್ಯ ಮೇಲಿನವರೆಗೂ ಹೋಯಿತು. ದುಡ್ಡು ಪೂರಾ ಮರಳಿತು. ಉಂಡೆಗಳು ಮಾತ್ರ ಮರಳಲಿಲ್ಲ, ಯಾರೂ ಕೇಳಲೂ ಇಲ್ಲ.

ಬಸವಂತಮ್ಮ ಆ ದುಡ್ಡಿಗೆ ಮತ್ತಷ್ಟು ಕೂಡಿಸಿಕೊಂಡು ರಾಯಚೂರಿನ ಬಸ್ಸು ಹತ್ತಿದರು. ಮಹಮ್ಮದ್ ಹುಸೇನರ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಲೇಬೇಕಾಯಿತು. ಬಡಿದು ನೋಡಿದರು, ಒಳಗೆ ಕೈ ಬಿಟ್ಟರು, ಬಗ್ಗಿ ಬೆಳಕಿಗೆ ಹಿಡಿಸಿ ತಳ ನೋಡಿದರು. “ಯವ್ವಾ, ಇನ್ನ ಅದರಾಗ ಇಳದು ನೋಡೂದೊಂದ ಬಾಕಿ ಉಳದದ!” ಎಂದು ಹುಸೇನರು ಕೈಮುಗಿದರು. ಮರಳುವಾಗ ಕಂಡಕ್ಟರ್ ಕೊಪ್ಪರಿಗೆಗೂ ಟಿಕೀಟು ಹರಿದ. “ಹಂಗಾರ ಅದಕ್ಕ ಕಿಟಕಿ ಸೀಟು ಕೊಡು,” ಎಂದರು ಬಸವಂತಮ್ಮ.

ಸುನಂದಮ್ಮ ಬಂದರು. ಹೊಳೆಯುವ ಹೊಸ ಕೊಪ್ಪರಿಗೆ ನಡುಮನೆಯಲ್ಲಿ ಕುಳಿತಿತ್ತು. ಬಸವಂತಮ್ಮ ಅದರ ಪಕ್ಕದಲ್ಲೇ ನಿಂತರು.

“ಹುಸೇನ್ ಸಾಬರ ಅಂಗಡೀದಲ್ಲೇನ್ರೀ ಬೀಗತೇರ? ಛಲೋ ಅದ,” ಎಂದು ಸುನಂದಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು.

“ನಿಮಗ ಹ್ಯಾಂಗ ಗೊತ್ತಾತ್ರೀ?”

“ಗೊತ್ತಿಲ್ದೇನು? ದಿನಾ ಸಂಜಿಕ ಗಿರಣಿ ಬಂದ್ ಮಾಡಿ ಎಲ್ಲಾರೂ ಫೋನಿನ ಮುಂದ ಕೂಡ್ತಿದ್ವಿ. ‘ಇವತ್ತ ಕೊಪ್ಪರಿಗಿ ಎಲ್ಲೀತನ ಬಂತು?’ ಅಂತ ನಮ್ಮ ಹಮಾಲರೂ ಕೇಳತಿದ್ರು! ಶುಕ್ರಾರದ ಸುದ್ದಿ ಕೇಳಿ ನಮ್ಮ ಯಜಮಾನ್ರಿಗೆ ಬಿಕ್ಕ ಹತ್ತಿದ್ದು ನೀರು ಕುಡಿದ್ರೂ ನಿಲ್ಲಲಿಲ್ರೀ.”

ಬಸವಂತಮ್ಮ ಸೊಸೆಯತ್ತ ತಿರುಗಿದರು. ಸೊಸೆ ಜಂತಿ ಎಣಿಸುತ್ತಿದ್ದಳು. “ಹೊಟ್ಟ್ಯಾಗ ಇಟಗೊಳ್ಳಾಕ ಜಾಗಾ ಎಲ್ಲದರೀ ಅತ್ತೀ!”

“ಆಕಿನ್ನ ಬೈಬ್ಯಾಡ್ರಿ,” ಎಂದು ಸುನಂದಮ್ಮ ಕೈಹಿಡಿದು ಕೂರಿಸಿಕೊಂಡರು. “ತೂತಿನ ಮಾತು ಹೋಗ್ಲಿ. ಆ ಸಣ್ಣದನ್ನ ಖರೇನ ತಿರುಗಿ ಕಳಿಸಿಬಿಟ್ರೇನ್ರೀ? ಕೂಸಿಗೆ ಎರಿಯೂ ಮುಂದ ಎಣ್ಣಿ ಬೆಚ್ಚಗ ಮಾಡಾಕ ಅಂಥಾದ್ದ ಬೇಕಾಗ್ಯದ. ಮಾನ್ವಿ ಪ್ಯಾಟಿ ಎಲ್ಲಾ ಹುಡುಕಿಸೀನಿ.”

“ಅದನ್ನ… ತಿರುಗಿ ಕಳಿಸಿಬಿಟ್ನೆಲ್ರೀ!”

“ಅಯ್ಯ ಅದನ್ನಷ್ಟ ಯಾಕ ಕಳಿಸಿದ್ರೀ?”

ಮೊಮ್ಮಗುವಿನ ಎಣ್ಣೆಯ ಪಾತ್ರೆ! ಬಸವಂತಮ್ಮನ ಜೀವ ಚುರುಕ್ ಎಂದಿತು. ಆದರೆ ಈಗ ಅವರು ಅನುಭವಸ್ಥರು. “ಶೈಲಾ, ಫೋನ್ ತಾ. ಚಿತ್ರದಾಗ ಎಲ್ಲಕಿಂತ ದೊಡ್ಡದು ಯಾವುದು ಕಾಣ್ತದ, ಅದನ್ನ ಹುಡುಕು. ಇವರ ಹಾದಿ ನನಗ ತಿಳದದ.”

“ಇದರಾಗ ಇಬ್ಬರು ಗಂಡಸರು ಹೊತ್ತಾರ್ರೀ ಅತ್ತೀ. ರೊಕ್ಕಾನೂ ಜಾಸ್ತಿ ಅದ.”

“ಇಬ್ಬರು ಹೊತ್ತಿದ್ರ ಬಟ್ಟಲದಷ್ಟು ಬರ್ತದ. ಸರಿ ಬರಲಿಲ್ಲಂದ್ರ ತಿರುಗಿ ಕಳಸಾಕ ನನಗ ಬರ್ತದಲ್ಲ! ಒತ್ತು!”

ಶೈಲಜಾ ತವರಿಗೆ ಹೋದ ಆ ವಾರದಲ್ಲೇ ಒಂದು ಮಧ್ಯಾಹ್ನ ಓಣಿಯ ತುದಿಯಿಂದ ಮೌನೇಶನ ಕೂಗು ಕೇಳಿತು. ಈ ಸಲ ಅವನು ಟಂಟಂ ಗಾಡಿಯಲ್ಲಿ ಬಂದಿದ್ದ. ಜೊತೆಗೆ ಇಬ್ಬರು ಆಳುಗಳು.

“ಯವ್ವಾ, ಬಾಗಲಾ ಎರಡೂ ತೆರೀರಿ!”

ಎರಡೂ ತೆರೆದರೂ ಅದು ಒಳಗೆ ಬರಲಿಲ್ಲ. ಅಡ್ಡ ಹಿಡಿದರು, ಓರೆ ಮಾಡಿದರು, ಕೊನೆಗೆ ಕಟ್ಟೆಯ ಮುಂದೆಯೇ ಇಳಿಸಿದರು. ಊರಿಗೇ ಹುಗ್ಗಿ ಮಾಡುವಂಥ ಕೊಪ್ಪರಿಗೆ! ಬಸವಂತಮ್ಮ ನಿಧಾನವಾಗಿ ಅದರ ಸುತ್ತ ಒಂದು ಸುತ್ತು ಬಂದರು. ಅಂಚು ಸರಿಯಾಗಿ ಅವರ ಸೊಂಟಕ್ಕೆ ಬಂತು.

“ಏನಂತ ಬರಕೊಳ್ಲಿರೀ ಯವ್ವಾ?” ಎಂದ ಮೌನೇಶ.

ಬಸವಂತಮ್ಮ ಕಟ್ಟೆಯ ಮೇಲೆ ಕುಸಿದು ಕುಳಿತರು. “ಇವರು ಖರೇ ಹೇಳಾಕ ಕಲ್ತಾರ ಅಂತ ಬರಕೋ ಯಪ್ಪಾ. ಅದೂ ನಾ ಸುಳ್ಳು ಬಯಸಿದ ದಿನಾ!”