ದಾಖಲೆಯಲ್ಲಿಲ್ಲದ ಜೊಂಡಿಗೆ ಸಿಕ್ಕಿಕೊಂಡ ಹಂಸವೂ ನಮ್ಮ ಗಾಳಿದೋಣಿಯೂ

ಕೆರೆ ಉದ್ಯಾನದ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ಪೂರ್ತಿ ಒಣಗಿದ್ದೀರಿ, ಅಂದು ಕೆಸರು ಕಂಡ ತಮ್ಮ ಬೂಟುಗಳೂ ಈ ವೇಳೆಗೆ ಮೊದಲಿನ ಹೊಳಪಿಗೆ ಬಂದಿವೆ ಎಂದು ನಂಬಿ, ಎರಡೂ ಕೈ ಜೋಡಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಮಗೆ ಖಾಸಗಿಯಾಗಿ ಬರೆದ ಮೂರು ಮನವಿಗಳು ತಮ್ಮ ಮೇಜಿನ ಮೇಲೆ ಸುಖವಾಗಿ ವಿಶ್ರಮಿಸುತ್ತಿರುವುದರಿಂದ, ಅವುಗಳ ನಿದ್ದೆ ಕೆಡಿಸಲು ಮನಸ್ಸಾಗದೆ ನಾಲ್ಕನೆಯದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮಗೆ ಬಿಡುವಾಗದಿದ್ದರೆ ಓದಿದವರು ಯಾರಾದರೂ ತಮ್ಮ ಕಿವಿಗೆ ಹಾಕಿಯಾರು.

ಮೊದಲು ನನ್ನ ಪರಿಚಯ. ನಾನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಗುಲಾಬಿ ಬಣ್ಣದ ಒಸಡು ಎರೆದು, ಹಲ್ಲು ಕೂರಿಸಿ, ತಿಕ್ಕಿ ನುಣುಪು ಮಾಡಿ ವಾಪಸು ಕಳಿಸುತ್ತೇನೆ. ಊರಿನ ಎಷ್ಟೋ ಗಣ್ಯರ ನಗು ನನ್ನ ಕೈಯಲ್ಲಿ ಹುಟ್ಟಿದ್ದು. ಯಾರ್ಯಾರದೆಂದು ಹೇಳುವುದು ಕಸುಬಿನ ಮರ್ಯಾದೆಯಲ್ಲ. ನನ್ನ ಜೊತೆಗಿರುವವಳು ಅಕ್ಕ. ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವಳು. ಏಣಿಯ ಮೇಲೆ ನಿಂತು, ಗೆರೆ ಹಾಕಿಕೊಳ್ಳದೆ, ಒಂದೇ ಉಸಿರಿಗೆ ಹೊಸ ಅಂಗಡಿಯ ಹೆಸರನ್ನು ಈ ತುದಿಯಿಂದ ಆ ತುದಿಗೆ ಬರೆದು ಇಳಿಯುತ್ತಿದ್ದಳು. ಹೋದ ವರ್ಷ ಒಂದು ಬೆಳಿಗ್ಗೆ ಲೋಟ ಎತ್ತಲು ಹೋದವಳ ಬಲಗೈ ಏಳಲಿಲ್ಲ. ಲಕ್ವ ಎಂದರು. ಕಾಲು ಕೆಲವು ತಿಂಗಳಲ್ಲಿ ಸರಿಹೋಯಿತು, ಮಾತೂ ಸ್ವಲ್ಪ ದಪ್ಪಗಾದರೂ ಮರಳಿತು. ಕೈ ಮಾತ್ರ ಮಡಿಲಲ್ಲೇ ಉಳಿಯಿತು. ಕಸರತ್ತು ಹೇಳಿಕೊಡಲು ಬರುವ ಫಿಸಿಯೋಥೆರಪಿಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಕ್ಕ ಅದನ್ನು ಮೇಜಿನ ಡ್ರಾಯರಿಗೆ ಹಾಕಿ, "ನಾನೇನು ಇದನ್ನ ಹಿಸುಕ್ತಾ ಕೂತಿರೋಕೆ ಹುಟ್ಟಿದ್ನಾ" ಎಂದು ಮುಚ್ಚಿದಳು. ಪೇಟೆ ಬೀದಿಯ ಕಡೆ ಹೋಗುವುದನ್ನೂ ಬಿಟ್ಟಳು. ಆ ಬೀದಿಯಲ್ಲಿ ತಲೆಯೆತ್ತಿದರೆ ಕಾಣುವುದೆಲ್ಲ ಅವಳದೇ ಅಕ್ಷರ.

ನಿಜ ಹೇಳಬೇಕೆಂದರೆ, ಮಾನ್ಯರೇ, ದೋಣಿ ಶುರುವಾದದ್ದು ಅಕ್ಕನಿಗಾಗಿ ಅಲ್ಲ, ನನ್ನ ಹುಚ್ಚಿಗಾಗಿ. ಹೊಸ ಫ್ರಿಜ್ಜಿನ ಜೊತೆ ಬಂದ ಥರ್ಮಾಕೋಲಿನ ಹಲಗೆ ಎಸೆಯಲು ಮನಸ್ಸಾಗದೆ ಅದನ್ನು ಚಪ್ಪಟೆ ತಳದ ದೋಣಿಯಾಗಿ ಕೊಯ್ದೆ. ಆಟದ ವಿಮಾನದ ಮೋಟರನ್ನೂ ಅದರ ಪುಟ್ಟ ಫ್ಯಾನನ್ನೂ ಹಿಂಭಾಗದಲ್ಲಿ ಎತ್ತರಕ್ಕೆ ನಿಲ್ಲಿಸಿದೆ. ಬೆರಳಿಗೆ ತಗಲದಂತೆ ಹಳೆಯ ಟೇಬಲ್ ಫ್ಯಾನಿನ ತಂತಿಜಾಲರಿಯನ್ನು ಕತ್ತರಿಸಿ ಸುತ್ತ ಕಟ್ಟಿದೆ. ಫ್ಯಾನು ಹಿಂದಕ್ಕೆ ಗಾಳಿ ಎಸೆದರೆ ದೋಣಿ ಮುಂದಕ್ಕೆ ಹೋಗುತ್ತದೆ. ಫ್ಯಾನಿನ ಹಿಂದೆ, ಆ ಗಾಳಿಯಲ್ಲಿ ಚುಕ್ಕಾಣಿಯಂತೆ ನಿಂತ ಎರಡು ರೆಕ್ಕೆಗಳು ವಾಲಿದತ್ತ ದೋಣಿಯೂ ತಿರುಗುತ್ತದೆ. ನೀರಿನೊಳಗೆ ತಿರುಗುವಂಥದ್ದು ಏನೂ ಇಲ್ಲವಾದ್ದರಿಂದ ಜೊಂಡು ಪಾಚಿ ಯಾವುದೂ ಇದನ್ನು ಹಿಡಿಯಲಾರದು. ಮೋಟರು ಕೂರಿಸುವ ಪೀಠಕ್ಕೆ ನನ್ನಲ್ಲಿದ್ದ ಗಟ್ಟಿ ವಸ್ತು ಒಸಡಿನದೊಂದೇ, ಅದನ್ನೇ ಎರೆದೆ. ಹೀಗಾಗಿ ದೋಣಿ ಹಿಂದಿನಿಂದ ನೋಡಿದರೆ ಆಕಳಿಸುತ್ತಿರುವಂತೆ ಕಾಣುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಅಕ್ಕ ಮೊದಮೊದಲು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದಳು. ಆರನೆಯ ದಿನ, "ಮೂಗು ಸೊಟ್ಟ ಇದೆ. ಎಡಕ್ಕೆ, ಎರಡು ಕೂದಲೆಳೆಯಷ್ಟು" ಎಂದಳು. ನಾನು ನಕ್ಕು, ಹಲ್ಲಿನ ದಪ್ಪ ಅಳೆಯುವ ಕ್ಯಾಲಿಪರು ತಂದು ಅಳೆದೆ. ಸೊಟ್ಟವಾಗಿತ್ತು. ಎಡಕ್ಕೇ. ಆಮೇಲೆ ಕುರ್ಚಿ ಬಾಗಿಲಿಂದ ನನ್ನ ಮೇಜಿನ ಪಕ್ಕಕ್ಕೆ ಬಂತು, ಅವಳ ಒಪ್ಪಿಗೆಯಿಲ್ಲದೆ ನಾನು ಒಂದು ಸ್ಕ್ರೂ ಬಿಗಿಯುವಂತಿರಲಿಲ್ಲ.

ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಟ್ಟ ಮೊದಲ ಸಲ ದೋಣಿ ಮೂಗನ್ನು ನೀರಿಗೆ ಚುಚ್ಚಿ ಬುಡಮೇಲಾಯಿತು. ಎತ್ತರದಲ್ಲಿ ಕೂತ ಫ್ಯಾನು ಮುಂದಕ್ಕೆ ತಳ್ಳುವಾಗ ಮೂಗನ್ನು ನೀರಿಗೆ ಅದುಮುತ್ತದೆಂದು ಆಗ ತಿಳಿಯಿತು. ಬ್ಯಾಟರಿಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದೆ, ನೆಟ್ಟಗೆ ಓಡಿತು. ಮರುದಿನ ತಮ್ಮ ಕೆರೆಗೆ ತಂದೆವು. ಹತ್ತು ನಿಮಿಷದಲ್ಲಿ ಅದು ದಡದ ಕಲ್ಲಿನ ಸಂದಿಗೆ ನುಗ್ಗಿ ಕೂತಿತು. ನಾನು ಪ್ಯಾಂಟು ಮಡಚುತ್ತ, ರಿಮೋಟನ್ನು ಅಕ್ಕನ ಮಡಿಲಲ್ಲಿಟ್ಟು ಮೆಟ್ಟಿಲಿಳಿದು ದೋಣಿಯನ್ನು ನೀರಿಗೆ ತಳ್ಳಿದೆ. ರಿಮೋಟಿನಲ್ಲಿ ಎರಡು ಕಡ್ಡಿ. ಎಡಗಡೆಯದು ವೇಗಕ್ಕೆ, ದೂಡಿದಲ್ಲೇ ನಿಲ್ಲುತ್ತದೆ. ಬಲಗಡೆಯದು ದಿಕ್ಕಿಗೆ. ದೋಣಿ ನನ್ನ ಕೈಬಿಟ್ಟು ಮೆಲ್ಲಗೆ ಹೊರಟಿತು, ಸ್ವಲ್ಪ ದೂರ ಹೋಗಿ ಬಲಕ್ಕೆ ಹೊರಳಿತು. ನಾನು ತಿರುಗಿ ನೋಡಿದೆ. ಅಕ್ಕನ ಬಲ ಹೆಬ್ಬೆರಳು ಕಡ್ಡಿಯ ಮೇಲಿತ್ತು. "ತಿರುಗ್ತು ಕಣೋ" ಎಂದಳು. ಅಷ್ಟೇ. ಅಂದಿನಿಂದ ಸಂಜೆ ನಾಲ್ಕಾದರೆ ಅವಳೇ ಮೊದಲು ಚಪ್ಪಲಿ ಮೆಟ್ಟುತ್ತಿದ್ದಳು.

ನಾಲ್ಕನೆಯ ಸಂಜೆ ತಮ್ಮ ದರ್ಶನಭಾಗ್ಯ ಒದಗಿತು. ತಾವು ದೋಣಿಯ ವರ್ಗ ಕೇಳಿದಿರಿ. ನಾನು ಆಟದ್ದೆಂದೆ. "ಆಟ ಅಂತ ಕಾಲಂ ಇಲ್ರೀ" ಎಂದು ತಾವು ಪ್ರೀತಿಯಿಂದ ಕೊಟ್ಟ ಅರ್ಜಿ ನಮೂನೆಯನ್ನು ನಾನು ಈಗಲೂ ಆಗಾಗ ಓದಿ ಆನಂದಿಸುತ್ತೇನೆ. ಪ್ರಯಾಣಿಕರ ಸಂಖ್ಯೆ, ಜೀವರಕ್ಷಕ ಜಾಕೆಟ್ಟುಗಳ ಸಂಖ್ಯೆ, ನಾವಿಕನಿಗೆ ಈಜು ಬರುತ್ತದೆಯೇ, ಶೌಚಾಲಯದ ವ್ಯವಸ್ಥೆ ಏನು. ಮೊಳದುದ್ದದ ದೋಣಿಗೆ ಇಷ್ಟು ದೂರ ಯೋಚಿಸುವ ಇಲಾಖೆ ಬೇರೆಲ್ಲಿದೆ? ಅಕ್ಕ ದಡದ ನಿಯಮಗಳ ಫಲಕವನ್ನು ತೋರಿಸಿ, "ಸಾರ್, ಈ ಹದಿನೆಂಟು ನಿಯಮಾನೂ ಬರೆದಿದ್ದು ನಾನೇ. ಆಟದ ದೋಣಿ ಬಿಡಬಾರದು ಅಂತ ಇದ್ರಲ್ಲಿಲ್ಲ" ಎಂದಳು. ತಾವು ಫಲಕ ನೋಡಿ, ಅವಳನ್ನು ನೋಡಿ, "ಬರೆದೋರಿಗೆ ನಿಯಮದ ಅರ್ಥ ಗೊತ್ತಿರ್ಬೇಕು ಅಂತೇನಿಲ್ಲಮ್ಮ" ಎಂದಿರಿ. ಆಡಳಿತದ ಸಾರವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅರ್ಜಿ ತುಂಬಿ ಕೊಟ್ಟೆವು. ಪರಿಶೀಲಿಸುತ್ತೇವೆ ಎಂದಿರಿ. ಬೇಡ ಎನ್ನಲಿಲ್ಲವಾದ್ದರಿಂದ ನಾವೂ ದಿನಾ ಬರುತ್ತಲೇ ಇದ್ದೆವು.

ಇನ್ನು ತಪಾಸಣೆಯ ದಿನದ ಸಂಗತಿ. ತಮ್ಮ ಮೇಲಿನ ಸಾಹೇಬರು ಬಂದಿದ್ದರು. ಕೆರೆಯ ಜೊಂಡನ್ನೆಲ್ಲ ಬುಡಸಮೇತ ತೆಗೆಸಲಾಗಿದೆ ಎಂದು ತಾವು ಮೂರು ತಿಂಗಳ ಹಿಂದೆಯೇ ವರದಿ ಕಳಿಸಿದ್ದಿರಂತೆ. ಅದನ್ನು ಕಣ್ಣಾರೆ ತೋರಿಸಲು, ಕಾಲಿನಿಂದ ತುಳಿದು ಓಡಿಸುವ ಆ ಬಿಳಿ ಹಂಸದ ದೋಣಿಯಲ್ಲಿ ಸಾಹೇಬರನ್ನು ಕೂರಿಸಿಕೊಂಡು ತಾವೇ ತುಳಿಯುತ್ತ ಹೊರಟಿರಿ. ದಡದಿಂದ ನೋಡಲು ಬಹಳ ಚೆನ್ನಾಗಿತ್ತು. ಕೆರೆಯ ನಡುವಿಗೆ ಹೋದಮೇಲೆ ಹಂಸ ನಿಂತಿತು. ನೀರಿನ ಮಟ್ಟದಲ್ಲೇ ಹರಡಿದ್ದ, ವರದಿಯ ಪ್ರಕಾರ ಇಲ್ಲದ ಜೊಂಡು ತುಳಿಚಕ್ರಕ್ಕೆ ಹಗ್ಗದಂತೆ ಸುತ್ತಿಕೊಂಡಿತ್ತು. ತಾವು ತುಳಿದಷ್ಟೂ ಅದು ಬಿಗಿಯಿತು. ಬಗ್ಗಿ ಕೈಯಿಂದ ಕೀಳಲು ಹೋದಾಗ ಹಂಸ ವಾಲಿ ನೀರು ಒಳಕ್ಕೆ ಬಂತು. ಸಾಹೇಬರು ಎದ್ದು ನಿಂತರು. ನಿಲ್ಲಬಾರದಿತ್ತು. ಇನ್ನೂ ವಾಲಿತು.

ಕಾವಲುಗಾರ ಇನ್ನೊಂದು ಹಂಸ ಬಿಚ್ಚಲು ಓಡಿದ. ಅದರ ಚಕ್ರವೂ ಅದೇ ಜೊಂಡಿನ ದಾರಿಯಲ್ಲೇ ಹೋಗಬೇಕಿತ್ತು, ಇಪ್ಪತ್ತು ಮಾರು ಹೋಗಿ ಅದೂ ನಿಂತಿತು. ಸಾಹೇಬರು "ನನಗೆ ಈಜು ಬರಲ್ಲ" ಎಂದು ಕೂಗುವುದು ದಡಕ್ಕೆ ಕೇಳುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿ, "ಮೀನಿನ ದಾರ ಕಟ್ಟು" ಎಂದಳು. ಅಲ್ಲೇ ಗಾಳ ಹಾಕಿ ಕೂತಿದ್ದವರಿಂದ ದಾರದ ಉಂಡೆ ಇಸಿದುಕೊಂಡು ದೋಣಿಯ ಹಿಂಬದಿಗೆ ಕಟ್ಟಿದೆ, ಇನ್ನೊಂದು ತುದಿಗೆ ತಮ್ಮ ಕಚೇರಿಯ ದಪ್ಪ ಹಗ್ಗವನ್ನು ಗಂಟು ಹಾಕಿದೆ. ರಿಮೋಟಿಗೆ ನಾನು ಕೈಚಾಚಿದೆ. ಅವಳು ಕೊಡಲಿಲ್ಲ.

ಮೊದಲ ಸಲ ದೋಣಿ ತಮ್ಮನ್ನು ದಾಟಿ ದೂರ ಹೋಯಿತು. ಅಕ್ಕನ ಹೆಬ್ಬೆರಳು ಕಡ್ಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು ಮಂಡಿಯ ಮೇಲೆ ಊರಿಕೊಂಡು, ದೊಡ್ಡ ಸುತ್ತು ಹಾಕಿಸಿ ಮತ್ತೆ ತಂದಳು. ದೋಣಿ ಜೊಂಡಿನ ಮೇಲೆಯೇ ಜಾರುತ್ತ ಹಂಸದ ಕುತ್ತಿಗೆಯನ್ನು ಬಳಸಿ ಬಂತು. "ಫ್ಯಾನ್ ಮುಟ್ಬೇಡಿ, ದಾರ ಹಿಡ್ಕೊಳಿ" ಎಂದು ಅವಳು ಕೂಗಿದಳು. ಲಕ್ವ ಹೊಡೆದಮೇಲೆ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ಸಾಹೇಬರು ದಾರ ಹಿಡಿದರು, ದಾರದ ಹಿಂದೆ ಹಗ್ಗ ಬಂತು, ಹಗ್ಗವನ್ನು ಅವರು ಹಂಸದ ಕುತ್ತಿಗೆಗೆ ಕಟ್ಟಿದರು. ನಾನು, ಗಾಳದವರು, ಐಸ್‌ಕ್ರೀಮ್ ಗಾಡಿಯವರು ಎಲ್ಲ ಸೇರಿ ತಮ್ಮಿಬ್ಬರನ್ನೂ ಎಳೆದೆವು. ದಡಕ್ಕೆ ಬಂದ ಸಾಹೇಬರು ಅಕ್ಕನ ಮುಂದೆ ನಿಂತು ತಲೆಬಾಗಿ ಹೋದರು. ತಾವು ದೋಣಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಿರಿ. ಒರೆಸಿಕೊಡುತ್ತೀರೆಂದು ನಾನು ತಪ್ಪು ತಿಳಿದೆ.

ಮೂರನೆಯ ದಿನ ನೋಟಿಸು ಬಂತು. "ಸದರಿ ದಿನಾಂಕದಂದು, ಯಾವುದೇ ಕಾರಣವಿಲ್ಲದೆ, ಪರವಾನಗಿಯಿಲ್ಲದ ಯಂತ್ರಚಾಲಿತ ನೌಕೆಯನ್ನು ಬಳಸಿ ಸರ್ಕಾರಿ ಹಂಸದ ಕುತ್ತಿಗೆಗೆ ಹಗ್ಗ ಬಿಗಿದ" ಆರೋಪ ನಮ್ಮ ಮೇಲೆ. ಕಾರಣ ಬರೆದರೆ ಜೊಂಡನ್ನೂ ಬರೆಯಬೇಕು, ಜೊಂಡು ಬರೆದರೆ ಹಳೆಯ ವರದಿ ಎದ್ದು ಕೂರುತ್ತದೆ. ತಮ್ಮ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ವಿಚಾರಣೆಗೆ ಬಂದೆವು. ಫ್ಯಾನು ಅಪಾಯಕಾರಿಯೋ ಅಲ್ಲವೋ ತೋರಿಸಿ ಎಂದು ತಾವೇ ದೋಣಿಯನ್ನು ಮೇಜಿನ ಮೇಲಿಟ್ಟಿರಿ. ಮೆಲ್ಲಗೆ ತೋರಿಸಲೇ ಎಂದು ಅಕ್ಕ ಕೇಳಿದಳು. "ಪೂರ್ತಿ ತೋರ್ಸಿ" ಎಂದು ತಾವೇ ಅಪ್ಪಣೆ ಕೊಟ್ಟಿರಿ. ಅವಳು ಪೂರ್ತಿ ತೋರಿಸಿದಳು. ನಾನು ದೋಣಿಯನ್ನು ಅದುಮಿ ಹಿಡಿದಿದ್ದೆ, ಆದರೆ ಕಾಗದಗಳನ್ನು ಹಿಡಿಯಲು ಯಾರೂ ಇರಲಿಲ್ಲ. ತಮ್ಮ ಹಿಂದಿನ ಕಿಟಕಿ ಕೆರೆಯ ಕಡೆಗೆ ತೆರೆದಿತ್ತು. ಇಪ್ಪತ್ತೇಳು ಹಾಳೆ ಸಿಗಲಿಲ್ಲವೆಂದೂ, ಅವು ಸಿಗುವತನಕ ದೋಣಿಯನ್ನು ಬಿಡಲಾಗದೆಂದೂ ತಾವು ಆದೇಶ ಬರೆದಿರಿ. ಕೆಲವು ಹಾಳೆ ಇನ್ನೂ ಕಾಣುತ್ತಿವೆ, ಮಾನ್ಯರೇ. ಇಲ್ಲದ ಜೊಂಡಿನಲ್ಲಿ ಸಿಕ್ಕಿಕೊಂಡಿವೆ. ಹೋಗಿ ತರಬಲ್ಲ ದೋಣಿ ಈ ಊರಿನಲ್ಲಿ ಒಂದೇ, ಅದು ತಮ್ಮ ಬೀರುವಿನ ಮೇಲಿದೆ.

ಮೂರು ವಾರವಾಯಿತು. ಅಕ್ಕ ದಿನವೂ ನಾಲ್ಕಕ್ಕೆ ಬಂದು ಅದೇ ಬೆಂಚಿನಲ್ಲಿ ಕೂರುತ್ತಾಳೆ, ರಿಮೋಟು ಹಿಡಿದು ಖಾಲಿ ನೀರನ್ನು ನೋಡುತ್ತ ಕಡ್ಡಿ ತಿರುಗಿಸುತ್ತಾಳೆ. ಮೊದಲ ವಾರ ಅರ್ಧ ಗಂಟೆ ಮಾಡುತ್ತಿದ್ದಳು, ಈಗ ಐದು ನಿಮಿಷಕ್ಕೆ ಇಟ್ಟುಬಿಡುತ್ತಾಳೆ. ಕೈ ಏಳುವ ಹೊತ್ತಿನಲ್ಲಿ ನಿಲ್ಲಿಸಿದರೆ ಬಂದದ್ದೂ ಜಾರಿಹೋಗುತ್ತದೆ ಎಂದು ಫಿಸಿಯೋಥೆರಪಿಯವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಇದನ್ನು ತಮಾಷೆಯ ಮಾತುಗಳ ನಡುವೆ ಬರೆಯಬಾರದಿತ್ತೇನೋ, ಆದರೆ ಮೂರು ಮನವಿಗಳಲ್ಲಿ ಇದನ್ನೇ ಗಂಭೀರವಾಗಿ ಬರೆದಿದ್ದೆ.

ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆ. ಜೊಂಡು ಇಲ್ಲವೆಂಬುದು ಸತ್ಯವಾದರೆ ತಾವು ಸಿಕ್ಕಿಕೊಂಡಿಲ್ಲ. ಸಿಕ್ಕಿಕೊಂಡಿಲ್ಲವಾದರೆ ನಾವು ಎಳೆದಿಲ್ಲ, ಎಳೆದಿಲ್ಲವಾದರೆ ದೋಣಿ ಅಂದು ನೀರಿಗೇ ಇಳಿದಿಲ್ಲ. ನೀರಿಗಿಳಿಯದ ದೋಣಿಯನ್ನು ದಯಮಾಡಿ ಬಿಟ್ಟುಕೊಡಿ. ಅದಾಗದಿದ್ದರೆ ಕೆರೆಯನ್ನಾದರೂ ದಿನಕ್ಕೆ ಅರ್ಧ ಗಂಟೆ ತಮ್ಮ ಬೀರುವಿನ ಮೇಲಕ್ಕೆ ಕಳಿಸಿಕೊಡಿ. ಅದೂ ಆಗದಿದ್ದರೆ, ಆಟದ ದೋಣಿ ಬಿಡಕೂಡದೆಂದು ಹತ್ತೊಂಬತ್ತನೆಯ ನಿಯಮವನ್ನೇ ಮಾಡಿ, ಫಲಕದ ಮೇಲೆ ಬರೆಯುವ ಕೆಲಸವನ್ನು ಅಕ್ಕನಿಗೇ ವಹಿಸಿ. ಉಳಿದ ಹದಿನೆಂಟಕ್ಕೆ ಹೊಂದುವ ಅಕ್ಷರ ಬೇರೆಯವರಿಂದ ಬರುವುದಿಲ್ಲ. ಅವಳು ಬರೆದು ಮುಗಿಸುವವರೆಗೆ ನಿಯಮ ಜಾರಿಗೆ ಬರುವುದಿಲ್ಲವಾದ್ದರಿಂದ, ನಾವು ಆತುರಪಡುವುದೂ ಇಲ್ಲ.

ತಮ್ಮ ಬೂಟುಗಳ ದೀರ್ಘಾಯುಷ್ಯವನ್ನು ಹಾರೈಸುತ್ತ,

ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ಟಿನವನು
ಮತ್ತು ಅವನ ಅಕ್ಕ

ಮರೆತಿದ್ದು: ನನ್ನ ಸಹಿಯ ಕೆಳಗೆ ಕಾಣುವ ಸೊಟ್ಟ ಗೀಟು ಶಾಯಿ ಚೆಲ್ಲಿದ್ದಲ್ಲ. ಅದು ಅಕ್ಕನ ಸಹಿ. ಲಕ್ವ ಹೊಡೆದ ಮೇಲೆ ಬಲಗೈಯಿಂದ ಹಾಕಿದ ಮೊದಲನೆಯದು. ಹಾಕಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು, ಮೂರು ಹಾಳೆ ಹಾಳಾದವು. ಓದಲು ಬರುವುದಿಲ್ಲವೆಂದು ತಾವು ಅದನ್ನು ತಿರಸ್ಕರಿಸುವುದಾದರೆ ನಮ್ಮ ಅಭ್ಯಂತರವಿಲ್ಲ. ಆದರೆ ನೋಟಿಸಿನ ಕೆಳಗಿರುವ ತಮ್ಮ ಸಹಿಯನ್ನು ನಾವಿಬ್ಬರೂ, ಆಮೇಲೆ ಗಾಳದವರೂ ಭೂತಗನ್ನಡಿ ಹಿಡಿದು ನೋಡಿದರೂ ಒಂದಕ್ಷರ ತಿಳಿಯಲಿಲ್ಲ. ಅಕ್ಕನ ಬಳಿ ವೈದ್ಯರ ಪ್ರಮಾಣಪತ್ರವಿದೆ. ತಮ್ಮದನ್ನೂ ಲಗತ್ತಿಸಿ ಕಳಿಸಬೇಕಾಗಿ ಕೋರಿಕೆ.